ನವನಗರದ ಮನೆಯ ಆರು ಕಿಟಕಿ, ಹದಿನೆಂಟು ಸಾವಿರದೊಳಗೆ

ಹೋದ ವರ್ಷ ಉತ್ತರಿ ಮಳೆಯಲ್ಲಿ ಹೊಲಿಗೆ ಕೋಣೆಯ ಕಿಟಕಿಯಿಂದ ರಾತ್ರಿಯೆಲ್ಲಾ ನೀರು ಒಳಗೆ ಬಂತು. ಮಷೀನಿನ ಪಕ್ಕದ ಬೆಂಚಿನ ಮೇಲೆ ಗುಳೇದಗುಡ್ಡ ಖಣದ ನಾಲ್ಕು ಕುಪ್ಪಸ ಕತ್ತರಿಸಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಎರಡು ಪೂರ್ತಿ ತೊಯ್ದು, ಕೆಂಪು ಬಣ್ಣ ಅಂಚಿಗೆ ಹರಿದಿತ್ತು. ಖಣ ನಾನೇ ಕೊಂಡು ಹೊಲಿದುಕೊಟ್ಟೆ. ಅವತ್ತೇ ತೀರ್ಮಾನ ಮಾಡಿದೆ, ಮುಂದಿನ ಮಳೆಗಾಲದೊಳಗೆ ಈ ಕಿಟಕಿಗಳಿಗೆ ಏನಾದರೂ ಮಾಡಲೇಬೇಕು.

ನಮ್ಮದು ಬಾಗಲಕೋಟೆ ನವನಗರದ ಮನೆ. ಹಳೇ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಮುಳುಗಡೆ ಆಗಿ, ಪರಿಹಾರದ ದುಡ್ಡಿನಲ್ಲಿ ಅಪ್ಪ 2001ರಲ್ಲಿ ಇದನ್ನು ಕಟ್ಟಿಸಿದರು. ದುಡ್ಡು ಕಡಿಮೆ ಬಿದ್ದಾಗ ಏನು ಆಗುತ್ತೆ ಗೊತ್ತಲ್ವಾ, ಗೋಡೆ ಗಟ್ಟಿ ಕಟ್ಟಿಸುತ್ತಾರೆ, ಕಿಟಕಿ ಬಾಗಿಲಿನಲ್ಲಿ ಉಳಿಸುತ್ತಾರೆ. ಪಡಸಾಲೆಯ ಎರಡು ಕಿಟಕಿಗೆ ಹಳೇ ಮನೆಯ ಸಾಗವಾನಿ ಚೌಕಟ್ಟು ಮತ್ತು ಬಾಗಿಲು ತಂದು ಕೂರಿಸಿದರು. ಮಲಗುವ ಕೋಣೆಗೆ ಸಿಮೆಂಟ್ ಚೌಕಟ್ಟು. ಹೊಲಿಗೆ ಕೋಣೆಗೆ ಕಾಡುಕಟ್ಟಿಗೆಯದು. ಅಡುಗೆ ಮನೆಗೆ ಕಬ್ಬಿಣದ್ದು. ಬಚ್ಚಲಿಗೆ ಒಂದು ಸಣ್ಣ ವೆಂಟಿಲೇಟರ್. ಒಟ್ಟು ಆರು.

ಮೊದಲು ಎಲ್ಲರಂತೆ ನಾನೂ ಹೊಸದರ ದರ ಕೇಳಿದೆ. ಎಲ್ಲಾ ಸೇರಿ 75 ಚದರ ಅಡಿ ಆಗುತ್ತೆ. ಯುಪಿವಿಸಿಗೆ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿಗೆ, ಚದರ ಅಡಿಗೆ 620 ರೂಪಾಯಿ ಹೇಳಿದರು, ಅಂದರೆ 46,500. ಅಲ್ಯೂಮಿನಿಯಂ ಸ್ಲೈಡಿಂಗ್ 400ರ ಲೆಕ್ಕದಲ್ಲಿ 30,000. ಹಳೇದನ್ನು ಒಡೆದು ತೆಗೆಯುವುದು, ಗಿಲಾವು, ಬಣ್ಣ ಬೇರೆ. ನನ್ನ ಕೈಯಲ್ಲಿ ಇದ್ದದ್ದು ಚೀಟಿ ಎತ್ತಿದ 18,000. ಸಾಲ ಮಾಡುವ ಮನಸ್ಸು ಇರಲಿಲ್ಲ.

ನಮ್ಮ ಅಪ್ಪನ ಗೆಳೆಯರೊಬ್ಬರು ಬಡಿಗತನ ಮಾಡಿದವರು. ವಯಸ್ಸಾಗಿದೆ, ದೊಡ್ಡ ಕೆಲಸ ಒಪ್ಪಿಕೊಳ್ಳುವುದಿಲ್ಲ. ಕಾಕಾ ಅಂತ ಕರೆಯುತ್ತೇವೆ. ಯುಗಾದಿ ಆದ ಮೇಲೆ ಒಂದು ಸಂಜೆ ಕರೆದುಕೊಂಡು ಬಂದೆ. ಅವರು ಜೇಬಿನಿಂದ ಒಂದು ಸ್ಕ್ರೂಡ್ರೈವರ್ ತೆಗೆದು ಆರೂ ಕಿಟಕಿಯ ಕೆಳಗಿನ ಮೂಲೆಗಳನ್ನು ಚುಚ್ಚುತ್ತಾ ಹೋದರು. ಪಡಸಾಲೆಯ ಚೌಕಟ್ಟಿನಲ್ಲಿ ಅದು ಒಂದು ಸೂತವೂ (ಇಂಚಿನ ಎಂಟನೇ ಒಂದು ಭಾಗ) ಇಳಿಯಲಿಲ್ಲ. ಹೊಲಿಗೆ ಕೋಣೆಯಲ್ಲಿ ಹಿಡಿಕೆಯ ತನಕ ಹೋಯಿತು, ಒಳಗಿಂದ ಮಣ್ಣು ಉದುರಿತು.

"ಎಲ್ಲಾ ಯಾಕ ಒಗೀತಿ ತಂಗಿ? ಇವೆರಡರ ಚೌಕಟ್ಟ ಕೆಚ್ಚು ಐತಿ, ಇನ್ನ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರತೈತಿ. ಒರಲಿ ತಿಂದದ್ದು ಇದೊಂದು. ಆ ಸಿಮಿಟಿಂದು ಬಾಗಲಾ ಅಷ್ಟ ಹೋಗ್ಯಾವು."

ಕೆಚ್ಚು ಅಂದರೆ ಮರದ ಗಟ್ಟಿ ಒಳಭಾಗ, ಒರಲಿ ಅಂದರೆ ಗೆದ್ದಲು. ನನಗೆ ಕಣ್ಣು ತೆರೆದದ್ದು ಇಲ್ಲಿ. ಆರು ಕಿಟಕಿ ಹಾಳಾಗಿವೆ ಅಂತ ನಾನು ಒಟ್ಟಿಗೆ ಲೆಕ್ಕ ಹಾಕಿದ್ದೆ. ಒಂದೊಂದಕ್ಕೆ ಒಂದೊಂದು ಜಡ್ಡು. ಕೆಟ್ಟ ಭಾಗಕ್ಕಷ್ಟೇ ದುಡ್ಡು ಹಾಕಿದರೆ ಸಾಕು. ನೀವೂ ದರ ಕೇಳುವ ಮೊದಲು ಒಂದು ಸ್ಕ್ರೂಡ್ರೈವರ್ ಹಿಡಿದು ಮನೆ ಸುತ್ತಿ. ಕೆಳಗಿನ ಅಡ್ಡಪಟ್ಟಿ, ಚೌಕಟ್ಟು ಗೋಡೆಗೆ ತಾಗುವ ಜಾಗ, ಬಿಜಾಗರಿ ಕೂತಿರುವ ಜಾಗ, ಇಷ್ಟು ನೋಡಿದರೆ ಮುಕ್ಕಾಲು ಭಾಗ ಗೊತ್ತಾಗುತ್ತೆ. ಇನ್ನೊಂದು ಪರೀಕ್ಷೆ ಕಾಕಾ ಮಾಡಿಸಿದರು. ನಾನು ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟೆ, ಅವರು ಒಳಗೆ ಕೂತು ನೋಡಿದರು. ಗಾಜಿನ ಸಂದಿಯಿಂದ ನೀರು ಬರುತ್ತೆ ಅಂದುಕೊಂಡಿದ್ದೆ. ಬಂದದ್ದು ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕಿನಿಂದ, ಮತ್ತೆ ಕೆಳಗಿನ ಕಟ್ಟೆಯ ಮೇಲಿಂದ. ಕಟ್ಟೆಯ ಇಳಿಜಾರು ಒಳಮುಖ ಇತ್ತು! ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ ಆ ನೀರು ಸೀದಾ ಕಟ್ಟಿಗೆಯ ಬುಡಕ್ಕೇ ಹೋಗುತ್ತಿತ್ತು. ಹೊಸ ಕಿಟಕಿ ಹಾಕಿಸಿದ್ದರೂ ಅದೇ ದಾರಿಯಲ್ಲಿ ನೀರು ಬರುತ್ತಿತ್ತು.

ಬೇಕಾದದ್ದು ಎರಡು ಜೋಡಿ ಕಿಟಕಿ ಬಾಗಿಲು ಮಾತ್ರ, ಮಲಗುವ ಕೋಣೆಗೊಂದು, ಹೊಲಿಗೆ ಕೋಣೆಗೊಂದು. ಹೊಸ ಸಾಗವಾನಿಯ ಆಸೆ ಬಿಟ್ಟೆ. ಹಳೇ ಬಾಗಲಕೋಟೆಯಲ್ಲಿ ಮನೆ ಬಿಚ್ಚಿದ ಕಟ್ಟಿಗೆ ಮಾರುವವರು ಇದ್ದಾರೆ. ಆಲಮಟ್ಟಿಯಲ್ಲಿ ಈಗ 519.60 ಮೀಟರ್ ತನಕ ನೀರು ನಿಲ್ಲಿಸುತ್ತಾರೆ, 524.256 ಮೀಟರ್‌ಗೆ ಏರಿಸುವ ಯೋಜನೆ ಇದೆ. ಹಾಗಾಗಿ ಹಳೇ ಊರಿನಲ್ಲಿ ಮನೆ ಬಿಚ್ಚುವ ಕೆಲಸ ಇನ್ನೂ ಅಲ್ಲೊಂದು ಇಲ್ಲೊಂದು ನಡೆದೇ ಇದೆ. ತೊಲೆ, ಕಂಬ, ಬಾಗಿಲು, ಕಿಟಕಿ ಎಲ್ಲಾ ಗೋಡೆಗೆ ಒರಗಿಸಿ ಇಟ್ಟಿರುತ್ತಾರೆ. ಅಲ್ಲಿ ನಿಂತಾಗ ನನಗೆ ಸುಮ್ನೆ ಕಟ್ಟಿಗೆ ನೋಡುತ್ತಿದ್ದೇನೆ ಅನ್ನಿಸಲಿಲ್ಲ. ಒಂದು ಬಾಗಿಲ ಮೇಲೆ ಅರಿಶಿಣ ಕುಂಕುಮದ ಗುರುತು ಇನ್ನೂ ಇತ್ತು.

ಕೊಳ್ಳುವಾಗ ಕಾಕಾ ಹೇಳಿದ ಮುಖ್ಯ ಮಾತು, ದೊಡ್ಡದನ್ನು ಸಣ್ಣದು ಮಾಡಬಹುದು, ಸಣ್ಣದನ್ನು ದೊಡ್ಡದು ಮಾಡೋಕೆ ಆಗಲ್ಲ. ಬೇಕಾದ ಅಳತೆಗಿಂತ ಒಂದೆರಡು ಇಂಚು ದೊಡ್ಡದನ್ನೇ ಹುಡುಕಿ. ಬಣ್ಣ ಬಳಿದಿದ್ದರೆ ಒಂದು ಮೂಲೆಯಲ್ಲಿ ಕೆರೆದು ನೋಡಿ. ಒಳಗೆ ಕಂದು ಬಣ್ಣದ ಕೆಚ್ಚು ಕಾಣಬೇಕು. ಅಂಚಿನಲ್ಲಿ ಬೆಳ್ಳಗಿದ್ದರೆ ಅದು ಮರದ ಹೊರಭಾಗ. ಸಾಗವಾನಿಯೇ ಆದರೂ ಆ ಬೆಳ್ಳಗಿನ ಭಾಗವನ್ನು ಗೆದ್ದಲು ಬಿಡುವುದಿಲ್ಲ. ಕೆಚ್ಚಿನಲ್ಲಿ ಎಣ್ಣೆಯ ಅಂಶ ಇರುತ್ತೆ, ಅದಕ್ಕೇ ಬಾಳಿಕೆ. ಇನ್ನೊಂದು, ಎತ್ತಿ ನೋಡಿ. ಒಳಗೆ ಪೊಳ್ಳಾದದ್ದು ಕೈಗೆ ಗೊತ್ತಾಗುತ್ತೆ. ಒಂದು ಜೋಡಿಗೆ 1,900, ಇನ್ನೊಂದಕ್ಕೆ 1,500 ಕೊಟ್ಟೆ. ಗೂಡ್ಸ್ ಆಟೋಕ್ಕೆ 300.

ಮನೆಗೆ ತಂದ ಮೇಲೆ ಮೊದಲ ದಿನ ಪೂರ್ತಿ ಮೊಳೆ ಕೀಳುವುದರಲ್ಲೇ ಹೋಯಿತು. ಇದು ನನ್ನ ಪಾಲಿನ ಕೆಲಸ. ಒಂದು ಮೊಳೆ ಉಳಿದರೂ ಕಾಕಾ ಕಟ್ಟಿಗೆ ಹೆರೆಯುವ ರಂದಾದ ಅಲಗು ಹೋದ ಹಾಗೆ. ಬಣ್ಣದ ಕೆಳಗೆ ಅಡಗಿದ್ದನ್ನು ಹುಡುಕಲು ಹಳೇ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮೇಲೆ ಆಡಿಸಿದೆ. ಟಕ್ ಅಂತ ಎಳೆದುಕೊಂಡ ಕಡೆ ಸೀಮೆಸುಣ್ಣದ ಗುರುತು ಹಾಕಿದೆ. 37 ಮೊಳೆ ಸಿಕ್ಕವು.

ಹಳೇ ಬಣ್ಣ ತೆಗೆಯುವಾಗ ಒಂದು ವಿಷಯದಲ್ಲಿ ಜಾಗ್ರತೆ ಬೇಕು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ದಾಟಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಈ ಬಾಗಿಲುಗಳ ಬಣ್ಣ ಅದಕ್ಕಿಂತ ಎಷ್ಟೋ ಹಿಂದಿನದು. ಒಣಗಿದ ಬಣ್ಣವನ್ನು ಉಜ್ಜಿದರೆ ಧೂಳು ಮನೆಯೆಲ್ಲಾ ಹರಡುತ್ತೆ, ಸಣ್ಣ ಮಕ್ಕಳಿಗೆ ಅದು ತುಂಬಾ ಕೆಟ್ಟದ್ದು. ಅದಕ್ಕೆ ನಾನು ಹಿತ್ತಲಲ್ಲಿ ತಾಡಪತ್ರಿ ಹಾಸಿ, ಮಾಸ್ಕ್ ಕಟ್ಟಿಕೊಂಡು, ವಾಟರ್ ಪೇಪರಿಗೆ ನೀರು ಚಿಮುಕಿಸುತ್ತಾ ಉಜ್ಜಿದೆ. ಮಕ್ಕಳನ್ನು ಅಕ್ಕನ ಮನೆಗೆ ಕಳಿಸಿದ್ದೆ. ಸಿಕ್ಕ ಕೆಸರನ್ನು ಒರೆಸಿ ಕಟ್ಟಿ ಹಾಕಿದೆ, ಗಿಡದ ಬುಡಕ್ಕೆ ಸುರಿಯಲಿಲ್ಲ.

ಎರಡನೇ ದಿನ ಕಾಕಾ ಮಾಡಿದ ಕೆಲಸವನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಮಲಗುವ ಕೋಣೆಗೆ ತಂದ ಬಾಗಿಲು 48 ಇಂಚು ಎತ್ತರ, ನಮಗೆ ಬೇಕಾದದ್ದು 43. ಕೆಳಗಿನಿಂದ 5 ಇಂಚು ಕೊಯ್ದುಬಿಟ್ಟರೆ ಕೆಳಗಿನ ಅಡ್ಡಪಟ್ಟಿಯೇ ಹೊರಟುಹೋಗುತ್ತೆ. ಬಾಗಿಲನ್ನು ಹಿಡಿದಿರುವುದೇ ಅದು. ಹಾಗಾಗಿ ಸಂದು, ಅಂದರೆ ಪಟ್ಟಿಗಳು ಕೂಡುವ ಜೋಡಣೆ, ಬಿಚ್ಚಬೇಕಿತ್ತು. ಕಾಕಾ ಬಾಗಿಲನ್ನು ಬೆಂಚಿನ ಮೇಲೆ ಮಲಗಿಸಿ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದರು. ಬಣ್ಣದ ಕೆಳಗೆ ಎರಡು ಸಣ್ಣ ದುಂಡನೆಯ ಗುರುತು. ಮೊಳೆ ಅಲ್ಲ, ಕಟ್ಟಿಗೆಯ ಗೂಟ. ಪೆನ್ಸಿಲಿನಷ್ಟು ದಪ್ಪ. ಹಿಂದಿನಿಂದ ಒಂದು ಕಬ್ಬಿಣದ ಕಡ್ಡಿ ಇಟ್ಟು ಮೂರು ಪೆಟ್ಟು ಕೊಟ್ಟರು, ಗೂಟ ಇಡಿಯಾಗಿ ಹೊರಗೆ ಬಂತು. ಆಮೇಲೆ ಅಡ್ಡಪಟ್ಟಿಗೆ ಕಟ್ಟಿಗೆ ತುಂಡು ಅಡ್ಡ ಕೊಟ್ಟು ಬಡಿಯುತ್ತಾ ಹೋದರು. ಸಂದಿನೊಳಗಿಂದ ಅಡ್ಡಪಟ್ಟಿಯ ತುದಿಯ ನಾಲಿಗೆ ಹೊರಗೆ ಜಾರಿದಾಗ ಅದರ ಬಣ್ಣ ನೋಡಬೇಕಿತ್ತು. ಹೊರಗೆಲ್ಲಾ ಬೂದಿ ಬಣ್ಣ, ಒಳಗಿನ ನಾಲಿಗೆ ಮಾತ್ರ ನಿನ್ನೆ ಕೊಯ್ದ ಹಾಗೆ ಹೊನ್ನಿನ ಬಣ್ಣ. ಮೂಗಿಗೆ ಸಾಗವಾನಿಯ ವಾಸನೆ ಬಡಿಯಿತು. ಅಂಟು ಇಲ್ಲ, ಮೊಳೆ ಇಲ್ಲ. ಅಷ್ಟು ವರ್ಷ ಎರಡು ಗೂಟದ ಮೇಲೆ ನಿಂತ ಸಂದು ಒಂದು ಕೂದಲೆಳೆಯಷ್ಟೂ ಸಡಿಲ ಆಗಿರಲಿಲ್ಲ.

"ಬಿಚ್ಚಾಕ ಬರೂ ಹಂಗ ಮಾಡ್ಯಾರ ನೋಡವ್ವಾ," ಅಂದರು ಕಾಕಾ. ಅಂಟು ಮೊಳೆ ಹಾಕಿದ್ದರೆ ಒಡೆಯಬೇಕಾಗುತ್ತಿತ್ತು ಅಂತ. ಅವರು ನಿಲುವುಪಟ್ಟಿಯನ್ನು 5 ಇಂಚು ಕೊಯ್ದು, ಮೇಲೆ ಹೊಸದಾಗಿ ತೂತು ಕೆತ್ತಿ, ಅದೇ ಅಡ್ಡಪಟ್ಟಿಯನ್ನು ಅದೇ ಗೂಟ ಹೊಡೆದು ಕೂರಿಸಿದರು. ಗಾಜಿನ ಕೆಳಗಿನ ಹಲಗೆಯನ್ನೂ ಅಷ್ಟೇ ಕತ್ತರಿಸಿದರು. ಅಗಲವನ್ನು ಕಡಿಮೆ ಮಾಡುವುದು ಸುಲಭ, ಎರಡೂ ಬದಿಯಿಂದ ಸಮನಾಗಿ ಒಂದೊಂದು ಇಂಚು ತೆಗೆದರಾಯಿತು. ಒಂದೇ ಬದಿಯಿಂದ ಜಾಸ್ತಿ ತೆಗೆದರೆ ಆ ಬದಿಯ ಸಂದಿಗೆ ಹಿಡಿತ ಇರಲ್ಲ.

ತಪ್ಪಾದದ್ದು ಅಗಲದಲ್ಲೇ. ತಪ್ಪು ನನ್ನದು. ಚೌಕಟ್ಟಿನ ಅಳತೆಯನ್ನು ನಾನು ಹೊಲಿಗೆಯ ಟೇಪಿನಲ್ಲಿ ತೆಗೆದು ಕಾಕಾಗೆ ಬರೆದುಕೊಟ್ಟಿದ್ದೆ. ಬಾಗಿಲು ತಂದು ನಿಲ್ಲಿಸಿದರೆ ನಡುವೆ ಎರಡು ಸೂತ ಸಂದು ಉಳಿಯಿತು, ಅಂದರೆ ಕಾಲು ಇಂಚು. ಕಾಕಾ ಅವರ ಸ್ಟೀಲ್ ಟೇಪಿನ ಪಕ್ಕ ನನ್ನದನ್ನು ಇಟ್ಟು ನೋಡಿದರು. ವರ್ಷಗಟ್ಟಲೆ ಎಳೆದೆಳೆದು ನನ್ನ ಟೇಪು ಉದ್ದ ಆಗಿತ್ತು. ಟೇಪು ಹಿಗ್ಗಿದರೆ ಅಳತೆ ಕಡಿಮೆ ತೋರಿಸುತ್ತೆ. ನಿಜವಾದ 42 ಇಂಚನ್ನು ಅದು ನಲವತ್ತೊಂದು ಮುಕ್ಕಾಲು ಅನ್ನುತ್ತಿತ್ತು. ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು, ಒಳ್ಳೆ ಕಟ್ಟಿಗೆ ಕೊಯ್ದಾಗಿತ್ತಲ್ಲ. ಅವತ್ತೇ ಆ ಟೇಪು ಬಿಸಾಕಿ ಹೊಸದು ತಂದೆ, ಕುಪ್ಪಸದ ಅಳತೆಗೂ ಅದನ್ನೇ ಬಳಸುತ್ತಿದ್ದೆ ಅನ್ನುವ ಯೋಚನೆ ಬೇರೆ. ಬಾಗಿಲಿಗೆ ದಾರಿ ಸಿಕ್ಕಿತು. ಕೊಯ್ದು ಉಳಿದ ಸಾಗವಾನಿ ಪಟ್ಟಿಯನ್ನೇ ಒಂದು ಬಾಗಿಲಿನ ಅಂಚಿಗೆ ಹೊರಗಡೆಯಿಂದ ಉದ್ದಕ್ಕೂ ಹೊಡೆದರು. ಅದು ಇನ್ನೊಂದು ಬಾಗಿಲಿನ ಮೇಲೆ ಅರ್ಧ ಇಂಚು ಹೊದ್ದು ಕೂರುತ್ತೆ. ಈಗ ಆ ಸಂದಿನಿಂದ ಆಷಾಢದ ಗಾಳಿ ಕೂಡ ಬರಲ್ಲ.

ಅಳತೆ ತೆಗೆಯುವ ಸರಿಯಾದ ರೀತಿ ಇದು. ಸ್ಟೀಲ್ ಟೇಪಿನಲ್ಲಿ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ತೆಗೆಯಬೇಕು. ಎತ್ತರವನ್ನೂ ಹಾಗೇ. ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಹಿಡಿಯಬೇಕು. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಬೇಕು. ಎರಡೂ ಒಂದೇ ಬಂದರೆ ಚೌಕಟ್ಟು ಸರಿಯಾದ ಮೂಲೆಮಟ್ಟದಲ್ಲಿದೆ. ನಮ್ಮ ಹೊಲಿಗೆ ಕೋಣೆಯದು ಅರ್ಧ ಇಂಚು ಓರೆ ಇತ್ತು, ಅದಕ್ಕೆ ಬಾಗಿಲನ್ನೂ ಸ್ವಲ್ಪ ಓರೆಯಾಗಿಯೇ ರಂದಾ ಹೊಡೆಯಬೇಕಾಯಿತು. ಸುತ್ತ ಒಂದು ಸೂತ ಸಂದು ಬಿಡಿ. ಬಣ್ಣದ ದಪ್ಪ ಇದೆ, ಮಳೆಗಾಲದಲ್ಲಿ ಕಟ್ಟಿಗೆ ಉಬ್ಬುತ್ತೆ.

ಹೊಲಿಗೆ ಕೋಣೆಯ ಚೌಕಟ್ಟನ್ನು ಪೂರ್ತಿ ತೆಗೆಯಬೇಕಾಗುತ್ತೆ ಅಂತ ಹೆದರಿದ್ದೆ. ಮೇಲಿನ ಮೂರು ಭಾಗ ಗಟ್ಟಿ ಇತ್ತು. ಕೆಳಗಿನ ಅಡ್ಡಪಟ್ಟಿ ಮತ್ತು ಎರಡು ಕಾಲಿನ ಬುಡದ ಆರು ಇಂಚು ಮಾತ್ರ ಮಣ್ಣಾಗಿತ್ತು. ಕೊಳೆತದ್ದಕ್ಕಿಂತ ಎರಡು ಇಂಚು ಮೇಲೆ, ಗಟ್ಟಿ ಕಟ್ಟಿಗೆಯಲ್ಲಿ ಓರೆಯಾಗಿ ಕೊಯ್ದು, ಅದೇ ಓರೆಗೆ ಸಾಗವಾನಿ ತುಂಡು ಕೂಡಿಸಿ, ಅಂಟು ಹಚ್ಚಿ ಎರಡು ಉದ್ದ ಸ್ಕ್ರೂ ಹಾಕಿದರು. ಓರೆಯನ್ನು ನೀರು ಹೊರಗೆ ಜಾರುವ ಹಾಗೆ ಕೊಟ್ಟಿದ್ದಾರೆ. ಗೋಡೆಯ ತೂತಿಗೆ, ಚೌಕಟ್ಟಿನ ಹಿಂಭಾಗಕ್ಕೆ ಗೆದ್ದಲಿನ ಔಷಧಿ ಬಿಟ್ಟೆವು. ಡಬ್ಬದ ಮೇಲೆ ಬರೆದಷ್ಟೇ ನೀರು, ಕೈಗೆ ಗವಸು, ಆ ದಿನ ಆ ಕೋಣೆಗೆ ಬೀಗ.

ಸಿಮೆಂಟ್ ಚೌಕಟ್ಟಿನ ಜಡ್ಡು ಬೇರೆ. ಅದರೊಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದರೆ ಉಬ್ಬುತ್ತೆ, ಉಬ್ಬಿದಾಗ ಸಿಮೆಂಟನ್ನು ಒಳಗಿನಿಂದಲೇ ಸೀಳುತ್ತೆ. ಮೇಲೆ ಸುಮ್ನೆ ಸಿಮೆಂಟು ಸವರಿದರೆ ಒಂದು ವರ್ಷವೂ ನಿಲ್ಲಲ್ಲ. ಗೌಂಡಿ ಬಂದು ಸಡಿಲ ಇದ್ದದ್ದನ್ನೆಲ್ಲಾ ಕೆತ್ತಿ, ಸರಳನ್ನು ತಂತಿ ಬ್ರಶ್ಶಿನಿಂದ ಹೊಳೆಯುವ ತನಕ ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಬಳಿದು, ಆಮೇಲೆ ತುಂಬಿದರು. ಬಿಜಾಗರಿಯ ಸ್ಕ್ರೂ ಹಿಡಿಯಲು ಸಿಮೆಂಟಿನಲ್ಲಿ ಹುದುಗಿಸಿದ್ದ ಕಟ್ಟಿಗೆ ತುಂಡುಗಳು ಪುಡಿಯಾಗಿದ್ದವು. ಅಲ್ಲಿ ಸಾಗವಾನಿಯ ತುಂಡು ಕೆತ್ತಿ, ಅರಾಲ್ಡೈಟ್ ಅಂಟು ಹಚ್ಚಿ ಬಡಿದರು. ಒಂದು ದಿನ ಬಿಟ್ಟು ಸ್ಕ್ರೂ ಹಾಕಿದೆವು.

ಅದೇ ಗೌಂಡಿಯಿಂದ ಕಿಟಕಿಗಳ ಸುತ್ತಲಿನ ಬಿರುಕನ್ನೂ ಕೆತ್ತಿಸಿ ತುಂಬಿಸಿದೆ. ಅಗಲ ಬಿರುಕಿಗೆ ಗಾರೆ, ಕೂದಲೆಳೆ ಬಿರುಕಿಗೆ ಸೀಲೆಂಟ್. ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳಿ, ಸಿಲಿಕೋನಿನ ಮೇಲೆ ಬಣ್ಣ ಹಿಡಿಯಲ್ಲ, ಅಕ್ರಿಲಿಕ್ ಮೇಲೆ ಹಿಡಿಯುತ್ತೆ. ಕೆಳಗಿನ ಕಟ್ಟೆಗೆ ಇಳಕಲ್ ಗ್ರಾನೈಟಿನ ತುಂಡು ಹಾಕಿಸಿದೆ. ಪಾಲಿಶ್ ಮಾಡುವ ಕಡೆ ಅಂಚಿನ ತುಂಡುಗಳು ಕಡಿಮೆ ದುಡ್ಡಿಗೆ ಸಿಗುತ್ತವೆ. ಮೂರು ತುಂಡಿಗೆ, ಕೊಯ್ದು ಕೊಟ್ಟದ್ದೂ ಸೇರಿ, 600. ಹೊರಗೆ ಇಳಿಜಾರು ಇರಬೇಕು, ಗೋಡೆಯಿಂದ ಒಂದು ಇಂಚು ಆಚೆ ಚಾಚಿರಬೇಕು. ಚಾಚಿದ ಅಂಚಿನ ಕೆಳಗೆ ಒಂದು ಗೀರು ಹೊಡೆಸಲೇಬೇಕು. ನೀರಿನ ಹನಿ ಕಲ್ಲಿನ ಹೊಟ್ಟೆಗೆ ಅಂಟಿಕೊಂಡು ಗೋಡೆಯ ಕಡೆ ಬರುತ್ತೆ, ಆ ಗೀರಿಗೆ ಬಂದಾಗ ಮುಂದೆ ಹೋಗಲಾರದೆ ಕೆಳಗೆ ಬೀಳುತ್ತೆ. ಇದನ್ನು ಮರೆತರೆ ಕಲ್ಲು ಹಾಕಿಯೂ ಗೋಡೆ ಹಸಿ.

ಪಡಸಾಲೆಯ ಎರಡು ಹಳೇ ಕಿಟಕಿಗೆ ಖರ್ಚು ತೀರಾ ಕಡಿಮೆ. ಗಾಜು ಹಿಡಿದಿದ್ದ ಪುಟ್ಟಿ ಉದುರಿತ್ತು. ಕುದಿಸಿದ ಅಗಸಿ ಎಣ್ಣೆಗೆ ಚಾಕ್ ಪೌಡರ್ ಕಲಸಿ ಚಪಾತಿ ಹಿಟ್ಟಿನ ಹದಕ್ಕೆ ನಾದಿದೆ, ಇದನ್ನು ನಾನೇ ಮಾಡಿದೆ. ಹಸಿ ಎಣ್ಣೆ ಬೇಗ ಒಣಗಲ್ಲ, ಕುದಿಸಿದ್ದು ಅಂತಲೇ ಕೇಳಿ ತನ್ನಿ. ಗಾಜು ಕೂರಲು ಕಟ್ಟಿಗೆಯಲ್ಲಿ ಕೊರೆದ ಅಂಚಿಗೆ ಮೊದಲು ಎಣ್ಣೆ ಸವರಬೇಕು, ಇಲ್ಲದಿದ್ದರೆ ಒಣ ಕಟ್ಟಿಗೆ ಪುಟ್ಟಿಯ ಎಣ್ಣೆಯನ್ನೆಲ್ಲಾ ಹೀರಿ ಪುಟ್ಟಿ ಬಿರಿಯುತ್ತೆ. ಗಾಜನ್ನು ಸುತ್ತ ಒಂದು ಸೂತ ಚಿಕ್ಕದಾಗಿ ಕತ್ತರಿಸಬೇಕು. ಬಿಗಿಯಾಗಿ ಕೂತ ಗಾಜು ಕಟ್ಟಿಗೆ ಅಲುಗಿದಾಗ ಒಡೆಯುತ್ತೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗದೆ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಹೊಲಿಗೆ ಮನೆಯಲ್ಲಿ ಬಟ್ಟೆ ಚೂರು ಎಲ್ಲೆಲ್ಲೂ ಇರುತ್ತೆ, ನನಗೆ ಇದರ ಭಯ ಜಾಸ್ತಿ. ಬಿಡಿಸಿ ಹಗ್ಗದ ಮೇಲೆ ಹರವಿ ಒಣಗಿಸಿ ಆಮೇಲೆ ಬಿಸಾಕಿದೆ.

ಅಡುಗೆ ಮನೆಯ ಕಬ್ಬಿಣದ ಕಿಟಕಿಗೆ ತುಕ್ಕು ಉಜ್ಜಿ ಪ್ರೈಮರ್, ಬಣ್ಣ. ವೆಂಟಿಲೇಟರಿಗೆ ಎರಡು ಗಾಜು. ಅಷ್ಟೇ.

ಇನ್ನು ಬಿಸಿಲಿನ ಮಾತು. ಮಲಗುವ ಕೋಣೆಯ ಕಿಟಕಿ ಪಡುವಣಕ್ಕಿದೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ಮುಟ್ಟುವ ಊರು ನಮ್ಮದು. ಸಂಜೆಯ ಸೂರ್ಯ ಕೆಳಗಿರುವುದರಿಂದ ಮೇಲಿನ ಛಜ್ಜಾದ ನೆರಳು ಕಿಟಕಿಗೆ ಬೀಳುವುದೇ ಇಲ್ಲ. ಇಷ್ಟು ವರ್ಷ ಒಳಗೆ ದಪ್ಪ ಪರದೆ ಕಟ್ಟಿದ್ದೆವು. ಆದರೆ ಗಾಜು ದಾಟಿ ಬಿಸಿಲು ಒಳಗೆ ಬಂದ ಮೇಲೆ ಪರದೆಯೂ ಕಾಯುತ್ತೆ, ಕೋಣೆಯೂ ಕಾಯುತ್ತೆ. ಗಾಜಿನ ಹೊರಗೇ ತಡೆಯಬೇಕು. 900 ರೂಪಾಯಿಗೆ ಬಿದಿರಿನ ತಟ್ಟಿ ತಂದು ಹೊರಗಡೆ, ಗಾಜಿನಿಂದ ಒಂದು ಗೇಣು ದೂರದಲ್ಲಿ ಇಳಿಬಿಟ್ಟೆ. ಮೇ ತಿಂಗಳ ಸಂಜೆ ಐದಕ್ಕೆ ಗಾಜಿಗೆ ಕೈ ಇಟ್ಟು ನೋಡಿದೆ, ಕೈ ಇಡುವಷ್ಟು ತಣ್ಣಗಿತ್ತು. ಮೊದಲು ಆ ಹೊತ್ತಿನಲ್ಲಿ ಮುಟ್ಟೋಕೇ ಆಗುತ್ತಿರಲಿಲ್ಲ. ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಸುಖ ಕೊಟ್ಟದ್ದು ಬೇರೆ ಯಾವುದೂ ಇಲ್ಲ.

ಲೆಕ್ಕ ಹೇಳಿಬಿಡುತ್ತೇನೆ. ಬಾಗಿಲು ಮತ್ತು ಆಟೋ 3,700. ಕಾಕಾನ ನಾಲ್ಕು ದಿನದ ಕೂಲಿ, ದಿನಕ್ಕೆ 900ರಂತೆ 3,600. ಅವರು ಬೇಡ ಅಂದರು, ನಾನು ಬಿಡಲಿಲ್ಲ. ಗೌಂಡಿಗೆ 800, ಗಾಜಿಗೆ 1,200, ಬಿಜಾಗರಿ, ಚಿಲಕ, ಗಾಳಿಗೆ ಬಾಗಿಲು ಹಿಡಿಯುವ ಕೊಂಡಿ ಸೇರಿ 1,350. ಎಣ್ಣೆ, ಪ್ರೈಮರ್, ಬಣ್ಣ, ಪೇಪರ್ 2,150. ಗ್ರಾನೈಟ್ 600, ಸೀಲೆಂಟ್ 400, ಸೊಳ್ಳೆ ಜಾಳಿಗೆ ಮತ್ತು ಅದನ್ನು ಅಂಟಿಸುವ ವೆಲ್ಕ್ರೋ 650, ಗೆದ್ದಲಿನ ಔಷಧಿ 350, ತಟ್ಟಿ 900. ಒಟ್ಟು 15,700. ಬಿಜಾಗರಿಯಲ್ಲಿ ಉಳಿಸಲು ಹೋಗಬೇಡಿ. ಹಳೇ ಸಾಗವಾನಿ ಬಾಗಿಲು ಭಾರ, ತೆಳು ಬಿಜಾಗರಿ ಬಾಗಿದರೆ ಬಾಗಿಲು ಕಟ್ಟೆಗೆ ತಾಗಿ ಸಂದು ಮತ್ತೆ ಸಡಿಲ ಆಗುತ್ತೆ. ಸ್ಟೀಲಿನದೇ ತಂದೆ, ಒಂದೊಂದು ಬಾಗಿಲಿಗೆ ಮೂರು.

ಈ ವರ್ಷದ ಉತ್ತರಿ ಮಳೆ ಮೊನ್ನೆ ಎರಡು ದಿನ ಹಿಡಿಯಿತು. ರಾತ್ರಿ ಬ್ಯಾಟರಿ ಹಿಡಿದು ಆರೂ ಕಿಟಕಿ ಮುಟ್ಟಿ ನೋಡಿದೆ. ಹೊಲಿಗೆ ಕೋಣೆಯ ಬೆಂಚು ಒಣ. ಪಡಸಾಲೆ ಒಣ. ಮಲಗುವ ಕೋಣೆಯ ಕಿಟಕಿಯ ಎಡಗಡೆ ಕೆಳ ಮೂಲೆಯಲ್ಲಿ ಅಂಗೈ ಅಗಲದ ತೇವ ಇದೆ, ಅಲ್ಲಿ ಗಾರೆ ಸರಿ ಹಿಡಿದಿಲ್ಲ. ಸೀಸದಕಡ್ಡಿಯಲ್ಲಿ ಸುತ್ತ ಗೆರೆ ಎಳೆದು ಇಟ್ಟಿದ್ದೇನೆ. ನಾಲ್ಕು ದಿನ ಬಿಸಿಲು ಬಿದ್ದು ಗೋಡೆ ಒಣಗಿದ ಮೇಲೆ ಅಷ್ಟನ್ನು ಕೆತ್ತಿ ಮತ್ತೆ ತುಂಬಬೇಕು. ಸೀಲೆಂಟ್ ಟ್ಯೂಬಿನಲ್ಲಿ ಇನ್ನೂ ಅರ್ಧ ಉಳಿದಿದೆ, ಮೂತಿಗೆ ಒಂದು ಸ್ಕ್ರೂ ತಿರುಗಿಸಿ ಇಟ್ಟಿದ್ದೇನೆ.